ಮದ್ದು ಹಾಕಿದಳು ಎಂದವನು ನಾನು

ನನ್ನ ಕಾಯಿಲೆಯನ್ನು ಮೊದಲು ಕಂಡುಹಿಡಿದದ್ದು ಇರುವೆಗಳು. ಹಿತ್ತಲಿನ ಗೋಡೆಯ ಪಕ್ಕ ನಾನು ಮೂತ್ರಕ್ಕೆ ಹೋಗುತ್ತಿದ್ದ ಜಾಗದಲ್ಲಿ ಅವು ಸಾಲುಗಟ್ಟಿ ಮುತ್ತುತ್ತಿದ್ದವು. ಯಾರೋ ಗೋಡೆಯ ಬುಡದಲ್ಲಿ ಏನೋ ಹೂತಿದ್ದಾರೆ ಎಂದು ಅವ್ವ ಗುದ್ದಲಿ ತಂದು ಅಗೆದಳು. ಏನೂ ಸಿಗಲಿಲ್ಲ. ಸಿಗದೇ ಹೋದದ್ದರಿಂದ ಅವಳ ಅನುಮಾನ ಇನ್ನೂ ಹೆಚ್ಚಾಯಿತು. ಅಪ್ಪನ ಅನುಮಾನ ಬೇರೆ. ಚೊಂಬುಗಟ್ಟಲೆ ನೀರು ಕುಡಿಯುವ ಮಗ ಎಲ್ಲೋ ಹೆಂಡದಂಗಡಿಗೆ ಹೋಗಿ ಬರುತ್ತಿದ್ದಾನೆ ಎಂದು ನಾನು ಮನೆಗೆ ಬಂದಾಗಲೆಲ್ಲ ಬಾಯಿ ಮೂಸಿ ನೋಡುತ್ತಿದ್ದ.

ನಾನು ಹೆಚ್ಚು ಓದಿದವನಲ್ಲ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟು, ಅರಕೆರೆಯ ನಮ್ಮ ಮನೆಯ ಮತ್ತು ಅಕ್ಕಪಕ್ಕದವರ ಹಾಲನ್ನು ಕ್ಯಾನಿಗೆ ತುಂಬಿ, ಸೈಕಲ್ಲಿನಲ್ಲಿ ಶ್ರೀರಂಗಪಟ್ಟಣದ ಹೋಟೆಲುಗಳಿಗೆ ಹಾಕುತ್ತಿದ್ದವನು. ಬರೆಯುವುದು ನನ್ನ ಕಸುಬಲ್ಲ. ಆದರೆ ಆಸ್ಪತ್ರೆಯ ಬೆಂಚಿನ ಮೇಲೆ ನನ್ನ ಸರದಿಗೆ ಕಾಯುವಾಗ ಹೊಸದಾಗಿ ಸಕ್ಕರೆ ಕಾಯಿಲೆ ಬಂದ ಚಿಕ್ಕ ವಯಸ್ಸಿನವರನ್ನು ಕಾಣುತ್ತೇನೆ. ಅವರ ಮನೆಯವರು ಯಾರು ಏನು ತಿನ್ನಿಸಿದರೋ ಎಂದು ಪಿಸುಗುಟ್ಟುವುದನ್ನೂ ಕೇಳುತ್ತೇನೆ. ಅವರಿಗೆ ನನ್ನ ಅಕ್ಕನ ವಿಷಯ ಹೇಳಬೇಕು. ಅವಳಿಗೆ ನಾನು ಮಾಡಿದ್ದನ್ನು ಹೇಳಬೇಕು.

ಇದು ತೊಂಬತ್ತರ ದಶಕದ ಮಾತು. ಶ್ರೀರಂಗಪಟ್ಟಣದಲ್ಲಿ ನಂಜುಂಡಣ್ಣ ಅಂತ ಒಬ್ಬರ ಸೈಕಲ್ ಶಾಪ್ ಇತ್ತು. ಕೋಟೆ ನೋಡಲು ಬರುವ ಹೊರದೇಶದವರಿಗೆ ಬಾಡಿಗೆ ಸೈಕಲ್ ಕೊಡುತ್ತಿದ್ದರು. ಹಾಗೆ ಪರಿಚಯವಾದ ಫ್ರಾನ್ಸ್ ದೇಶದವನೊಬ್ಬ ವಾಪಸ್ಸು ಹೋಗುವಾಗ ತನ್ನ ಗೇರ್ ಸೈಕಲ್ಲನ್ನೂ, ಬಣ್ಣದ ಚಿತ್ರಗಳಿದ್ದ ಒಂದಷ್ಟು ಪುಸ್ತಕಗಳನ್ನೂ ಬಿಟ್ಟುಹೋದ. ಅವನ ದೇಶದಲ್ಲಿ ವಾರಗಟ್ಟಲೆ ಊರಿಂದೂರಿಗೆ ಬೆಟ್ಟ ಹತ್ತಿ ಇಳಿದು ರೇಸು ಹೊಡೆಯುತ್ತಾರಂತೆ. ಮುಂದಿರುವವನಿಗೆ ಹಳದಿ ಅಂಗಿ ತೊಡಿಸುತ್ತಾರಂತೆ. ದಾರಿಯಲ್ಲಿ ನಿಂತವರು ಬಟ್ಟೆಯ ಚೀಲದಲ್ಲಿ ತಿಂಡಿ ತುಂಬಿ, ಓಡುವ ಸೈಕಲ್ಲಿಗೇ ಕೊಡುತ್ತಾರಂತೆ. ನಂಜುಂಡಣ್ಣ ಆ ಚಿತ್ರಗಳನ್ನು ನೋಡಿ ನೋಡಿ ನಮ್ಮ ಸೀಮೆಯಲ್ಲೂ ಅಂಥದ್ದೊಂದು ಮಾಡಿಯೇ ತೀರುತ್ತೇನೆ ಎಂದು ಹೊರಟರು.

ಎರಡು ದಿನದ ರೇಸು. ಮೊದಲ ದಿನ ಶ್ರೀರಂಗಪಟ್ಟಣದಿಂದ ಕಿರಂಗೂರು, ಪಾಂಡವಪುರದ ಮೇಲೆ ಕೆ.ಆರ್.ಪೇಟೆ. ಮಾರನೇ ದಿನ ಕೆ.ಆರ್.ಪೇಟೆಯಿಂದ ನಾಗಮಂಗಲ, ಅಲ್ಲಿಂದ ದೇವಲಾಪುರದ ಮೇಲೆ ವಾಪಸ್ಸು. ಟಾರು ರಸ್ತೆಯನ್ನು ಆದಷ್ಟು ಬಿಟ್ಟು ನಾಲೆಯ ಏರಿ, ಗಾಡಿ ದಾರಿ, ಕಲ್ಲುಗುಡ್ಡದ ಮೇಲೇ ಹೋಗಬೇಕು. ದಪ್ಪ ಟೈರಿನ, ನೇರ ಹ್ಯಾಂಡಲ್ಲಿನ ಮೌಂಟನ್ ಬೈಕುಗಳು ಆಗಷ್ಟೇ ಬಂದಿದ್ದವು. ಅಂಥ ಸೈಕಲ್ ಇದ್ದವರು, ಇದ್ದವರಿಂದ ಎರವಲು ತಂದವರು ಸೇರಿ ಒಂದಿಪ್ಪತ್ತು ಜನ ಹೆಸರು ಕೊಟ್ಟೆವು. ಗೆದ್ದವನಿಗೆ ಫ್ರಾನ್ಸಿನವನ ಗೇರ್ ಸೈಕಲ್.

ಊರವರು ಇದನ್ನು ಒಂದಿಷ್ಟೂ ನಂಬಲಿಲ್ಲ. ಅರಕೆರೆಯ ಟೀ ಅಂಗಡಿಯಲ್ಲಿ ದಿನವೂ ಇದೇ ಮಾತು.

"ಬಿಟ್ಟಿ ಸೈಕಲ್ ಕೊಡ್ತಾವ್ನೆ ಅಂದ್ರೆ ಇದ್ರಾಗೆ ಏನೋ ಅದೆ ಕಣ್ಲಾ. ಎಲೆಕ್ಷನ್ಗೆ ನಿಂತ್ಕತಾನೆ, ನೋಡ್ತಿರು."

"ಅಳ್ದಿ ಅಂಗಿ ಬ್ಯಾರೆ ತೊಡುಸ್ತಾನಂತೆ! ಅಂಗೇ ಎಣ್ಣೂ ನೋಡವ್ನಾ ಕೇಳ್ಲಾ ಶಿವು."

ಶಿವು ಅಂದರೆ ನಾನು. ಆಗ ನನಗೆ ಇಪ್ಪತ್ತೂ ತುಂಬಿರಲಿಲ್ಲ. ಹಾಲಿನ ಕ್ಯಾನು ಹೊತ್ತು ಸೈಕಲ್ ತುಳಿದ ಕಾಲು ನನ್ನದು, ನನ್ನನ್ನು ಮೀರಿಸುವವನಿಲ್ಲ ಎಂಬ ಜಂಬವಿತ್ತು. ಇದ್ದ ಒಬ್ಬನೇ ಪೈಪೋಟಿಯೆಂದರೆ ರಮೇಶ. ಕೆ.ಆರ್.ಪೇಟೆಗೆ ಕೊಟ್ಟ ನನ್ನ ಅಕ್ಕ ಜಯಮ್ಮನ ಮೈದುನ.

ರೇಸಿಗೆ ತಿಂಗಳ ಮುಂಚೆಯೇ ನನ್ನ ಮೈ ಇಳಿಯತೊಡಗಿತ್ತು. ನಿಕ್ಕರು ಸೊಂಟದಲ್ಲಿ ನಿಲ್ಲುತ್ತಿರಲಿಲ್ಲ. ಉಂಡಷ್ಟೂ ಹಸಿವು, ಕುಡಿದಷ್ಟೂ ದಾಹ. ನಂಜುಂಡಣ್ಣನಿಗೆ ಹೇಳಿದರೆ ಅವರು ಖುಷಿಪಟ್ಟರು. "ಮೈ ಕರಗ್ಬೇಕು ಕಣಯ್ಯ! ಈ ಚಿತ್ರ ನೋಡು, ಎಲ್ಲಾ ಕಡ್ಡಿ ಕಡ್ಡಿ ಇದ್ದಂಗವ್ರೆ. ನಿಂದು ಈಗ ಸರ್ಯಾದ ರೇಸ್ ಮೈ ಆಯ್ತು." ನಾನೂ ಹಾಗೇ ಅಂದುಕೊಂಡೆ. ಸಾಯಲು ಹೊರಟ ಮೈಯನ್ನು ಕನ್ನಡಿಯಲ್ಲಿ ನೋಡಿಕೊಂಡು ಹೆಮ್ಮೆಪಟ್ಟೆ.

ಮೊದಲ ದಿನ ಶ್ರೀರಂಗಪಟ್ಟಣದಿಂದ ಹೊರಟೆವು. ಪಾಂಡವಪುರ ದಾಟುವವರೆಗೂ ನಾನೇ ಮುಂದಿದ್ದೆ. ಆದರೆ ಬೋರ್‌ವೆಲ್ ಕಂಡಲ್ಲೆಲ್ಲ ನಿಂತು ನೀರು ಕುಡಿಯಬೇಕು, ಸ್ವಲ್ಪ ದೂರ ಹೋದ ಮೇಲೆ ಮತ್ತೆ ಇಳಿದು ಬೇಲಿಯ ಕಡೆಗೆ ಓಡಬೇಕು. ರಮೇಶ ಪಕ್ಕದಲ್ಲೇ ಹಾದುಹೋಗುತ್ತಾ ಕೂಗಿದ: "ಯಾಕ್ಲಾ ಶಿವು, ಕಂಡ್ ಕಂಡ್ ಕಲ್ಗೆಲ್ಲಾ ಗುರ್ತು ಮಾಡ್ತಿದ್ದೀಯ? ವಾಪಸ್ ಬರಕ್ಕೆ ದಾರಿ ಗೊತ್ತಾಗಾಕಿಲ್ವಾ?" ಎಲ್ಲರೂ ನಕ್ಕರು. ಕೆ.ಆರ್.ಪೇಟೆ ಮುಟ್ಟುವಾಗ ಅವನು ಮೊದಲು, ನಾನು ಎರಡನೆಯವನು. ಹಳದಿ ಅಂಗಿ ಅವನ ಮೈಮೇಲೆ ಹೋಯಿತು.

ಆ ಸಂಜೆ ನಾವಿಬ್ಬರೂ ಅಕ್ಕನ ಮನೆಗೆ ಹೋದೆವು. ನನ್ನನ್ನು ನೋಡಿ ಅಕ್ಕ ಬಾಗಿಲಲ್ಲೇ ನಿಂತುಬಿಟ್ಟಳು.

"ಇದೇನ್ಲಾ ಇಂಗಾಗೋಗಿದ್ದೀಯ? ಅವ್ವ ಇಟ್ಟು ಆಕಾಕಿಲ್ವಾ ನಿಂಗೆ?"

"ರೇಸಿಗೆ ಇಂಗೇ ಇರ್ಬೇಕು ಕಣಕ್ಕ."

"ಬೆಂಕಿ ಬಿತ್ತು ರೇಸ್ಗೆ," ಅಂದವಳೇ ಒಳಗೆ ಹೋಗಿ ಬೆಲ್ಲ ಕುಟ್ಟಿದಳು. ನಿಂಬೆಹಣ್ಣು ಹಿಂಡಿ, ಏಲಕ್ಕಿ ಹಾಕಿ, ದೊಡ್ಡ ಹಿತ್ತಾಳೆ ಚೊಂಬಿನ ತುಂಬ ಪಾನಕ ತಂದು ನನ್ನ ಕೈಗಿಟ್ಟಳು. ರಮೇಶನ ಮುಂದೆ ಒಂದು ಲೋಟ ಮಜ್ಜಿಗೆ ಇಟ್ಟಳು.

"ನೀ ಕುಡಿಯಾಕಿಲ್ವಾ?" ಎಂದು ನಾನು ರಮೇಶನನ್ನು ಕೇಳಿದೆ.

ಅವನು ಹಳದಿ ಅಂಗಿಯ ಕಾಲರು ಸರಿಮಾಡಿಕೊಳ್ಳುತ್ತಾ ನಕ್ಕ. "ಅದು ತಮ್ಮಂಗೆ ಅಂತ್ಲೇ ಮಾಡಿರೋದು. ನಾವೆಲ್ಲಾ ಒರಗ್ನೋರು ಕಣಪ್ಪ."

ಆ ಮಾತು ಅಲ್ಲಿಗೆ ಮುಗಿಯಬೇಕಿತ್ತು. ಮುಗಿಯಲಿಲ್ಲ. ಚೊಂಬು ಖಾಲಿ ಮಾಡಿದ ಮೇಲೆ ದಾಹ ಇಳಿಯುವ ಬದಲು ಏರಿತು. ಬಾಯಿ ಒಣಗಿ ನಾಲಿಗೆ ಅಂಟಿತು. ಆಗ ಒಂದು ಸಣ್ಣ ಯೋಚನೆ ತಲೆಯೊಳಗೆ ಬಂದು ಕೂತಿತು. ಅವನಿಗೆ ಯಾಕೆ ಬೇರೆ? ನನಗೆ ಯಾಕೆ ಬೇರೆ? ಬೆಳಿಗ್ಗೆ ಹೊರಡುವಾಗ ಅಕ್ಕ ನನ್ನ ನೀರಿನ ಬಾಟಲಿಗೂ ಪಾನಕ ತುಂಬಿದಳು. ಅವಳ ಕೈಯನ್ನೇ ನೋಡುತ್ತಾ ನಿಂತಿದ್ದೆ. ನನಗೆ ಸೈಕಲ್ ಕಲಿಸಿದ ಕೈ ಅದು. ನಾಲೆಯ ಏರಿಯ ಮೇಲೆ ಹಿಂದಿನಿಂದ ಕ್ಯಾರಿಯರ್ ಹಿಡಿದುಕೊಂಡು ಓಡಿ ಓಡಿ ಬರುತ್ತಿದ್ದವಳು ಅವಳು. ಆದರೂ ನೋಡುತ್ತಾ ನಿಂತೆ.

ನಮ್ಮ ಕಡೆ ಮದ್ದು ಹಾಕುವುದು ಎಂದರೆ ಏನೆಂದು ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ಆಗದವರು ಊಟದಲ್ಲೋ ಕುಡಿಯುವುದರಲ್ಲೋ ಏನನ್ನೋ ಬೆರೆಸಿ ಕೊಟ್ಟರೆ ಅದು ಹೊಟ್ಟೆಯಲ್ಲಿ ಗಂಟಾಗಿ ಕೂತು ಮನುಷ್ಯನನ್ನು ದಿನದಿನಕ್ಕೆ ಒಣಗಿಸುತ್ತದೆ ಎಂಬ ನಂಬಿಕೆ. ಅದನ್ನು ವಾಂತಿ ಮಾಡಿಸಿ ತೆಗೆಯುವವರು ಬೇರೆ ಇರುತ್ತಾರೆ. ಮದ್ದು ಹಾಕಿದವಳು ಎಂದು ಒಂದು ಸಲ ಹೆಸರು ಬಂದರೆ ಅಂಥವಳ ಮನೆಯಲ್ಲಿ ಯಾರೂ ತೊಟ್ಟು ನೀರನ್ನೂ ಕುಡಿಯುವುದಿಲ್ಲ.

ಎರಡನೇ ದಿನ ನಾಗಮಂಗಲದಲ್ಲಿ ನಂಜುಂಡಣ್ಣನ ಕಡೆಯವರು ಪುಸ್ತಕದ ಚಿತ್ರದಲ್ಲಿದ್ದ ಹಾಗೇ ಬಟ್ಟೆಯ ಚೀಲ ಹಿಡಿದು ನಿಂತಿದ್ದರು. ಒಳಗೆ ಬಾಳೆಹಣ್ಣು, ಖರ್ಜೂರ. ಸೈಕಲ್ ನಿಲ್ಲಿಸದೆ ಚೀಲ ಕಿತ್ತುಕೊಂಡು ಕೊರಳಿಗೆ ಹಾಕಿಕೊಂಡೆ. ಖರ್ಜೂರ ಬಾಯಿಗೆ ತುರುಕಿಕೊಂಡು, ಅಗಿಯಲು ಜೊಲ್ಲೇ ಇಲ್ಲದೆ ಹಾಗೇ ನುಂಗಿದೆ. ದೇವಲಾಪುರ ಇನ್ನೂ ಮುಂದಿರುವಾಗ ಹೊಟ್ಟೆ ಹಿಂಡಲು ಶುರುವಾಯಿತು. ಕಣ್ಣು ಮಂಜಾಯಿತು. ಒಂದು ಹುರುಳಿ ಹೊಲದ ಬದುವಿನಲ್ಲಿ ಸೈಕಲ್ ಸಮೇತ ಬಿದ್ದು ವಾಂತಿ ಮಾಡಿಕೊಂಡೆ.

ಮುಂದೆ ಹೋಗಿದ್ದ ರಮೇಶ ತಿರುಗಿ ನೋಡಿ ವಾಪಸ್ಸು ಬಂದ. ಇದನ್ನು ಬರೆಯಲೇಬೇಕು, ಯಾಕೆಂದರೆ ಆಮೇಲೆ ಯಾರೂ ಇದನ್ನು ಹೇಳಲಿಲ್ಲ. ಗೆಲ್ಲುತ್ತಿದ್ದವನು ರೇಸು ಬಿಟ್ಟು ವಾಪಸ್ಸು ಬಂದು, ನನ್ನ ತಲೆ ಎತ್ತಿ ಹಿಡಿದು ನೀರು ಕುಡಿಸಲು ನೋಡಿದ. ನಾನು ಅವನ ಕೈಯನ್ನು ತಳ್ಳಿದೆ. ಹೊಲದಲ್ಲಿದ್ದವರು ಓಡಿ ಬಂದು ಸುತ್ತ ನಿಂತಿದ್ದರು. ಅವರೆಲ್ಲರ ಮುಂದೆ ಅಂದೆ:

"ನೀನೂ ಅಕ್ಕನೂ ಸೇರ್ಕಂಡು ಏನ್ ಆಕುದ್ರಿ ಅದ್ರಲ್ಲಿ?"

ರಮೇಶನಿಗೆ ಅರ್ಥವೇ ಆಗಲಿಲ್ಲ. ಅಲ್ಲಿದ್ದ ಮುದುಕಿಯೊಬ್ಬಳಿಗೆ ಆಯಿತು. ಹತ್ತಿರ ಬಂದು ನನ್ನ ಉಗುರು, ಕಣ್ಣ ರೆಪ್ಪೆ ಎಲ್ಲ ನೋಡಿ, "ಮದ್ದೇ ಕಣ್ರಪ್ಪ ಇದು. ಒಣಕಂಡೋಗವ್ನೆ ಕೂಸು," ಅಂದಳು.

ಹಿಂದಿನಿಂದ ಬರುತ್ತಿದ್ದ ಟೆಂಪೋದಲ್ಲಿ ನಂಜುಂಡಣ್ಣನ ಜೊತೆ ಅಪ್ಪನೂ ಇದ್ದ. ನಂಜುಂಡಣ್ಣ ಆಸ್ಪತ್ರೆ ಅಂದರು. ಅಪ್ಪ ಮುದುಕಿಯ ಮಾತನ್ನು ಹಿಡಿದುಕೊಂಡ. "ನಿನ್ ರೇಸು ಸಾಕು, ನೀ ಸುಮ್ಕಿರಪ್ಪ," ಎಂದು ಅವರನ್ನು ಗದರಿ, ಮುದುಕಿ ಹೇಳಿದ ಹಳ್ಳಿಗೇ ಟೆಂಪೋ ಹೊಡೆಸಿದ. ಮದ್ದು ತೆಗೆಯುವ ಹೆಂಗಸು ಅಂಗಳದಲ್ಲಿ ಕೂರಿಸಿ ಯಾವುದೋ ಸೊಪ್ಪಿನ ರಸ ಕುಡಿಸಿದಳು. ಕರುಳೇ ಬಾಯಿಗೆ ಬರುವಂತೆ ವಾಂತಿಯಾಯಿತು. ಅದರೊಳಗಿಂದ ಕಪ್ಪಗಿನ ಮೆತ್ತನೆಯ ಒಂದು ಉಂಡೆಯನ್ನು ಅವಳು ಕಡ್ಡಿಯಿಂದ ಎತ್ತಿ ಅಪ್ಪನಿಗೆ ತೋರಿಸಿದಳು.

"ನೋಡಪ್ಪ. ಕಣ್ಣಾರೆ ನೋಡು."

"ಯಾರವ್ವ ಆಕಿದ್ದು?"

"ಎಸ್ರು ನಾ ಏಳಾಕಿಲ್ಲ. ಒರಗ್ನೋರಲ್ಲ. ಎಣ್ಣು."

ಅದು ಖರ್ಜೂರ. ನನಗೆ ಅಲ್ಲೇ ಗೊತ್ತಾಯಿತು. ಅಗಿಯದೆ ನುಂಗಿದ್ದು ನಾನೇ ಅಲ್ಲವೇ. ಆದರೆ ಅಪ್ಪನ ಮುಖ ನೋಡಿದೆ. ಮಗ ಸೋತ ಅಪ್ಪನ ಮುಖ ಅದಾಗಿರಲಿಲ್ಲ, ಮಗನನ್ನು ಮೋಸದಿಂದ ಸೋಲಿಸಿದರು ಎಂಬ ಅಪ್ಪನ ಮುಖವಾಗಿತ್ತು. ನಾನು ಬಾಯಿ ಬಿಡಲಿಲ್ಲ.

ಮಾರನೇ ದಿನ ಮನೆಯಲ್ಲಿ ನನಗೆ ಪ್ರಜ್ಞೆ ತಪ್ಪಿತು. ಓಡಿ ಬಂದವನ ಹಾಗೆ ಮೇಲುಸಿರು ಬಿಡುತ್ತಿದ್ದೆನಂತೆ. ನೋಡಿಕೊಂಡು ಹೋಗಲು ಬಂದ ನಂಜುಂಡಣ್ಣ ಈ ಸಲ ಯಾರನ್ನೂ ಕೇಳದೆ ಎತ್ತಿ ಹಾಕಿಕೊಂಡು ಮೈಸೂರಿಗೆ ಹೋದರು. ಅಲ್ಲಿನ ಡಾಕ್ಟರಮ್ಮ ನನ್ನ ಬಾಯಿಯ ಹತ್ತಿರ ಬಗ್ಗಿ ಉಸಿರು ಮೂಸಿದವರೇ ನರ್ಸನ್ನು ಕೂಗಿದರಂತೆ. ಸಕ್ಕರೆ ಕಾಯಿಲೆ ವಿಪರೀತಕ್ಕೆ ಹೋದರೆ ಉಸಿರು ಕೊಳೆತ ಹಣ್ಣಿನ ಹಾಗೆ ನಾರುತ್ತದಂತೆ. ಅಪ್ಪ ಅಷ್ಟು ದಿನ ಮೂಸಿದ್ದರೂ ಅವನು ಹುಡುಕುತ್ತಿದ್ದ ವಾಸನೆ ಬೇರೆಯಾಗಿತ್ತು.

ಎಚ್ಚರವಾದಾಗ ಎರಡೂ ಕೈಗೆ ಸೂಜಿ, ತಲೆಯ ಮೇಲೆ ಬಾಟಲಿ. ಸಕ್ಕರೆ ಕಾಯಿಲೆ, ಬದುಕಿರುವವರೆಗೂ ದಿನಾ ಇನ್ಸುಲಿನ್ ಚುಚ್ಚಿಕೊಳ್ಳಬೇಕು ಎಂದರು. ಪಕ್ಕದ ಮಂಚದ ತಾತ ನನ್ನನ್ನು ಮೇಲೆ ಕೆಳಗೆ ನೋಡಿ, "ನಿಂಗೂ ಸಕ್ರೆನಾ? ಮೀಸೆನೇ ಸರ್ಯಾಗಿ ಬಂದಿಲ್ಲ! ನಾನು ಅರವತ್ತು ವರ್ಸ ಲಾಡು ತಿಂದು ಸಂಪಾದ್ಸಿದ್ದ ನೀ ಸುಮ್ಸುಮ್ನೆ ಒಡ್ಕಂಡ್ಯಲ್ಲ," ಅಂದ. ಆ ವಾರ್ಡಿನಲ್ಲಿ ನಾನು ಮೊದಲು ನಕ್ಕದ್ದು ಆಗ. ಕೇರಳದ ನರ್ಸಮ್ಮ ಒಂದು ಕಿತ್ತಳೆ ಹಣ್ಣು ಕೊಟ್ಟು, ಅದಕ್ಕೆ ಚುಚ್ಚಿ ಚುಚ್ಚಿ ಕಲಿ ಅಂದರು. ಕೈ ನಡುಗದೆ ಚುಚ್ಚಿದ ದಿನ ಆ ಹಣ್ಣನ್ನು ಸುಲಿದು ತಾತನಿಗೆ ತಿನ್ನಿಸಲು ಹೋಗಿ ಬೈಸಿಕೊಂಡೆ.

ಒಂದು ಮಧ್ಯಾಹ್ನ ವಾರ್ಡಿನ ಬಾಗಿಲಲ್ಲಿ ಅಕ್ಕ ಕಾಣಿಸಿಕೊಂಡಳು. ಕೈಯಲ್ಲಿ ಊಟದ ಕ್ಯಾರಿಯರ್. ಬಸ್ಸಿನ ಧೂಳಿನ ತಲೆ. ನನ್ನ ಪಕ್ಕ ಕೂತಿದ್ದ ಅವ್ವ ಎದ್ದು ಹೋಗಿ ಬಾಗಿಲಿಗೆ ಅಡ್ಡ ನಿಂತಳು.

"ಇನ್ನೂ ಏನ್ ಬಾಕಿ ಅದೆ ಅಂತ ತಂದಿದ್ದೀಯವ್ವ?"

"ಅವ್ವಾ, ನಾನೇನ್ ಮಾಡುದ್ನವ್ವ? ಒಂದ್ಸಲ ನೋಡ್ಕಂಡೋಯ್ತೀನಿ ಬುಡವ್ವ."

"ನೋಡಿದ್ದು ಸಾಕು. ನಿನ್ ಮೈದ್ನಂಗೆ ಅಳ್ದಿ ಅಂಗಿ ತೊಡುಸ್ಕೋ ಓಗು."

ಅಕ್ಕ ಅವ್ವನ ಹೆಗಲ ಮೇಲಿಂದ ನನ್ನ ಕಡೆ ನೋಡಿದಳು. ನಾನು ಎಚ್ಚರವಾಗಿದ್ದೆ, ಅವಳಿಗೆ ಅದು ಕಂಡಿತು. ಗೋಡೆಯ ಕಡೆ ಮುಖ ತಿರುಗಿಸಿದೆ. ಮತ್ತೆ ತಿರುಗಿದಾಗ ಬಾಗಿಲು ಖಾಲಿಯಾಗಿತ್ತು.

ಅದೇ ದಿನ ಸಂಜೆ ಅವ್ವ ಬಿಸಿನೀರು ತರಲು ಹೋಗಿದ್ದಾಗ ಡಾಕ್ಟರಮ್ಮ ಬಂದರು. ನಾನು ಮೆಲ್ಲಗೆ ಕೇಳಿದೆ: ಇದು ಯಾರಾದರೂ ಏನಾದರೂ ಹಾಕಿದ್ದರಿಂದ ಬರುತ್ತದಾ? ಅಕ್ಕ ಕೊಟ್ಟ ಪಾನಕದ ಕತೆಯನ್ನೂ ಹೇಳಿದೆ. ಅವರು ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಳ್ಳುತ್ತಾ ಹೇಳಿದರು:

"ಯಾರೂ ಹಾಕಿದ್ದಲ್ಲಪ್ಪ. ಪಾನಕದಿಂದ ಬಂದದ್ದೂ ಅಲ್ಲ. ನೀನು ತಿಂಗಳಿಂದ ತೆಳ್ಳಗಾಗ್ತಿದ್ದೆ, ನೀರು ಕುಡೀತಿದ್ದೆ ಅಂತೀಯಲ್ಲ, ಆಗಲೇ ಬಂದಿತ್ತು. ಅವಳು ಕೊಡದೇ ಇದ್ದಿದ್ರೂ ನೀನು ಬೀಳ್ತಿದ್ದೆ. ಮನೆಗೆ ಹೋಗಿ ಮೊದಲು ಅವಳಿಗೆ ಇದನ್ನು ಹೇಳು."

ನಾನು ತಲೆ ಆಡಿಸಿದೆ. ಹೇಳಲಿಲ್ಲ.

ಯಾಕೆ ಹೇಳಲಿಲ್ಲ ಎಂದರೆ, ಮನೆಗೆ ಬಂದ ಮೇಲೆ ಮದ್ದಿನ ಕತೆ ನನಗೆ ಅನುಕೂಲವಾಗಿತ್ತು. ಇಪ್ಪತ್ತರ ಹುಡುಗನಿಗೆ ಸಕ್ಕರೆ ಕಾಯಿಲೆ ಎಂದರೆ ಯಾರು ಹೆಣ್ಣು ಕೊಡುತ್ತಾರೆ? ಹಾಗಂತ ಅಪ್ಪ ಕಾಯಿಲೆಯ ಹೆಸರೆತ್ತಬಾರದು ಎಂದು ಕಟ್ಟುಮಾಡಿದ. ಕೇಳಿದವರಿಗೆಲ್ಲ "ಮದ್ದು ಆಕಿದ್ರು, ತೆಗೆಸುದ್ವು, ಈಗ ಉಸಾರಾಗವ್ನೆ," ಎಂದೇ ಹೇಳುತ್ತಿದ್ದ. ರೋಗಿಯಾಗುವುದಕ್ಕಿಂತ ಮೋಸಹೋದ ಗಟ್ಟಿಗನಾಗುವುದು ನನಗೂ ಹಿತವಾಗಿತ್ತು. ನಮ್ಮ ಮನೆಯಲ್ಲಿ ಫ್ರಿಜ್ಜು ಇರಲಿಲ್ಲ, ಇನ್ಸುಲಿನ್ ಬಾಟಲಿಯನ್ನು ಒದ್ದೆ ಮರಳು ತುಂಬಿದ ಗಡಿಗೆಯಲ್ಲಿ ಕತ್ತಲೆ ಕೋಣೆಯೊಳಗೆ ಇಡುತ್ತಿದ್ದೆವು. ಯಾರಾದರೂ ಬಂದರೆ ಅವ್ವ ಅದರ ಮೇಲೆ ಮೊರ ಮುಚ್ಚುತ್ತಿದ್ದಳು. ಮೂತ್ರವನ್ನು ನೀಲಿ ನೀರಿಗೆ ಹಾಕಿ ಕುದಿಸಿ ಬಣ್ಣ ನೋಡುವುದನ್ನು ಬಚ್ಚಲಲ್ಲಿ ಅಗುಳಿ ಹಾಕಿಕೊಂಡು ಮಾಡುತ್ತಿದ್ದೆ. ಇಟ್ಟಿಗೆ ಬಣ್ಣಕ್ಕೆ ತಿರುಗಿದೆ, ಸಕ್ಕರೆ ಜಾಸ್ತಿ ಇದೆ ಎಂದರೆ ಅವ್ವ ಬಾಗಿಲಾಚೆಯಿಂದ, "ಇನ್ನೂ ಒಳ್ಗೆ ಉಳ್ಕಂಡದೆ ಕಣ್ಲಾ ಅದು," ಎನ್ನುತ್ತಿದ್ದಳು. ಅದು ಅಂದರೆ ಮದ್ದು. ಅಲ್ಲ ಎನ್ನದೆ ನಾನು ಗಾಜಿನ ಕೊಳವೆ ತೊಳೆದಿಡುತ್ತಿದ್ದೆ.

ಗೌರಿ ಹಬ್ಬಕ್ಕೆ ತವರಿನಿಂದ ಬಾಗಿನ ಒಯ್ದು ಕೊಡುವುದು ತಮ್ಮನಾದವನ ಕೆಲಸ. ಆ ವರ್ಷ ನಾನು ಹೋಗಲಿಲ್ಲ. ಮರುವರ್ಷವೂ ಹೋಗಲಿಲ್ಲ. ಬಾಗಿನ ಬಾರದ ಮನೆಯನ್ನು ಬೀದಿಯೆಲ್ಲ ನೋಡುತ್ತದೆ. ಮದ್ದಿನ ಮಾತು ಅಲ್ಲಿಗೂ ಮುಟ್ಟಿತು.

ಒಂದು ದಿನ ನಾನು ಹಾಲು ಹಾಕುವ ಹೋಟೆಲಿನ ಮುಂದೆ ರಮೇಶ ಕಾಯುತ್ತಾ ನಿಂತಿದ್ದ. ರೇಸಿನ ನಂತರ ನಮ್ಮಿಬ್ಬರಿಗೆ ಮಾತಿರಲಿಲ್ಲ. ಆ ರೇಸನ್ನು ಕೊನೆಗೆ ಗೆದ್ದವನು ಪಾಂಡವಪುರದ ಯಾರೋ ಒಬ್ಬ. ನನ್ನನ್ನು ಎತ್ತಲು ನಿಂತ ರಮೇಶ ಮತ್ತೆ ಸೈಕಲ್ ಹತ್ತಿರಲೇ ಇಲ್ಲ.

"ನಂಗೇನಾರಾ ಅನ್ಕೋ ಓಗ್ಲಿ," ಅಂದ. "ಅತ್ತಿಗೇನ ಒಂದ್ಸಲ ಬಂದು ನೋಡು. ಮದ್ವೆ ಮನೇಲಿ ಅತ್ತಿಗೆ ನೀರಿನ ಜಗ್ಗು ಇಡ್ಕಂಡ್ ಬಂದ್ರೆ ಎಂಗಸ್ರು ಲೋಟ ಕವುಚಿ ಮಡಗ್ತಾರೆ ಕಣ್ಲಾ. ನಿಮ್ಮ ಭಾವ ಸುಮ್ನವ್ನೆ, ಏನೂ ಅನ್ನಾಕಿಲ್ಲ. ಅವ್ಳೇ ಒಂದ್ ಥರಾ ಆಗೋಗವ್ಳೆ. ಮಗ ಉಟ್ಟವ್ನೆ, ಗೊತ್ತಲ್ಲ? ಆ ಮಗೀಗೆ ಒಂದು ಚೂರು ಬೆಲ್ಲ ಮುಟ್ಟುಸಾಕಿಲ್ಲ. ಯಾರಾರಾ ಕೊಟ್ರೆ ಬಾಯ್ಗೆ ಬೆರಳಾಕಿ ತೆಗೀತಾಳೆ."

ಅಕ್ಕನಿಗೆ ಸಿಟ್ಟು ಎಂದುಕೊಂಡೆ. ನಮ್ಮನ್ನು ಶಪಿಸುತ್ತಿರಬೇಕು ಎಂದುಕೊಂಡೆ. ಆದರೆ ಲೋಟ ಕವುಚಿಡುವ ಮಾತು ನನ್ನನ್ನು ಬಿಡಲಿಲ್ಲ. ಅದೇ ವಾರ ಬಸ್ಸು ಹತ್ತಿ ಕೆ.ಆರ್.ಪೇಟೆಗೆ ಹೋದೆ.

ಅಕ್ಕ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು. ನನ್ನನ್ನು ನೋಡಿ ಸಿಟ್ಟಾಗಲಿಲ್ಲ. ಕಾಯಿ ಸುಲಿಯುವುದನ್ನು ನಿಲ್ಲಿಸಿ, ನನ್ನ ಕೈಕಾಲನ್ನು ಒಂದೊಂದಾಗಿ ನೋಡಿದಳು, ಎಲ್ಲಾ ಇದ್ದಾವಾ ಎಂದು ಎಣಿಸುವವಳ ಹಾಗೆ.

"ಕಾಲಿಗೇನೂ ಆಗಿಲ್ವಾ?" ಅಂದಳು. "ಸಕ್ರೆ ಕಾಯ್ಲೇಲಿ ಕಾಲು ಕತ್ತರುಸ್ತಾರೆ ಅಂತಾರೆ."

ನಿಂತುಕೊಂಡೇ ಹೇಳಿದೆ. ನೀನು ಮದ್ದು ಹಾಕಲಿಲ್ಲ, ನಾನು ಸುಳ್ಳು ಹೇಳಿದೆ, ಆ ಉಂಡೆ ಖರ್ಜೂರ. ಎದುರು ಮನೆಯವರು ಬಾಗಿಲಿಗೆ ಬಂದು ನಿಂತಿದ್ದರು, ಅವರಿಗೂ ಕೇಳಿಸಲಿ ಎಂದು ಜೋರಾಗಿಯೇ ಹೇಳಿದೆ. ಅಕ್ಕ ಅತ್ತು ನನ್ನನ್ನು ಬೈಯಬಹುದು ಎಂದು ಕಾಯುತ್ತಿದ್ದೆ. ಅವಳು ಅವರೆಕಾಯಿಯ ಸಿಪ್ಪೆಯನ್ನು ಒಂದು ಕಡೆ ಗುಡ್ಡೆ ಮಾಡಿದಳು.

"ಮದ್ದು ಆಕ್ಲಿಲ್ಲ ಅಂತ ನಂಗೆ ಗೊತ್ತಿಲ್ವೇನ್ಲಾ? ಅದ ನೀ ಬಂದು ಏಳ್ಬೇಕಾ?" ಎಂದಳು. "ಬೆಲ್ಲ ಆಕಿದ್ದಂತೂ ನಾನೇ ತಾನೆ. ಸಕ್ರೆ ಕಾಯ್ಲೆ ಅಂತ ರಮೇಶ ವಿಚಾರ್ಸ್ಕಂಡು ಬಂದು ಏಳ್ದ. ಅವತ್ತಿಂದ ಅದ್ನೇ ಯೋಚ್ನೆ ಮಾಡ್ತಿವ್ನಿ. ಇಡೀ ಅಚ್ಚು ಕುಟ್ಟಾಕಿದ್ದೆ. ಬೆಳಿಗ್ಗೆ ಬಾಟ್ಲಿಗೂ ಆಕಿದ್ದೆ. ಬೇಕೂಂತ ಆಕಿದ್ರೇನು, ಬ್ಯಾಡಾಂತ ಆಕಿದ್ರೇನು."

ಊರು ಹೊರಿಸಿದ ಆರೋಪವನ್ನು ಅವಳು ಎಂದೋ ಪಕ್ಕಕ್ಕಿಟ್ಟಿದ್ದಳು. ಅದರ ಜಾಗದಲ್ಲಿ ತಾನೇ ಇನ್ನೊಂದನ್ನು ಹೊತ್ತುಕೊಂಡು ಕೂತಿದ್ದಳು. ಅದನ್ನು ಇಳಿಸುವ ಮಾತು ಅಷ್ಟು ದಿನವೂ ನನ್ನ ಬಳಿ ಇತ್ತು.

"ಅದ್ರಿಂದ ಬರ್ಲಿಲ್ಲ ಕಣಕ್ಕ. ಮುಂಚೇನೇ ಬಂದಿತ್ತು. ಡಾಕ್ಟ್ರು ಏಳವ್ರೆ."

ಅವಳು ನನ್ನ ಮುಖವನ್ನು ದಿಟ್ಟಿಸಿದಳು. "ನನ್ ಸಮಾಧಾನಕ್ಕೆ ಏಳ್ತಿದ್ದೀಯ."

"ಇಲ್ಲ ಕಣಕ್ಕ, ದಿಟ."

"ನೀ ದಿಟ ಅಂದ್ರೆ ನಾ ಎಂಗೆ ನಂಬ್ಲಿ? 'ಏನ್ ಆಕುದ್ರಿ' ಅಂದಾಗ್ಲೂ ದಿಟ ಅಂತ್ಲೇ ಅಂದಿದ್ದಲ್ವಾ ನೀನು? ಆ ಡಾಕ್ಟ್ರ ಬಾಯಿಂದ್ಲೇ ಕೇಳ್ಬೇಕು ನಾನು."

ನನ್ನ ಮುಂದಿನ ತಪಾಸಣೆಯ ದಿನ ಅಕ್ಕ ಮಗುವನ್ನು ಅತ್ತೆಯ ಬಳಿ ಬಿಟ್ಟು ಮೈಸೂರಿಗೆ ಬಂದಳು. ಚೀಟಿ ಕೊಟ್ಟು ಬೆಂಚಿನ ಮೇಲೆ ಕೂತೆವು. ನಾನು ಅವಳ ಪಕ್ಕ ಇದ್ದೇನೆ ಎಂಬುದನ್ನೇ ಮರೆತು ಅವಳು ಅಲ್ಲಿದ್ದವರನ್ನು ಒಬ್ಬೊಬ್ಬರಾಗಿ ವಿಚಾರಿಸತೊಡಗಿದಳು.

"ನಿಮ್ಗೆ ಎಂಗೆ ಬಂತು? ಯಾರಾರಾ ಸಿಹಿ ಕೊಟ್ಟಿದ್ರಾ?"

"ಯಾರೂ ಕೊಡ್ಲಿಲ್ಲ ಕಣವ್ವ," ಅಂದ ಒಬ್ಬ ಅಜ್ಜ. "ಕದ್ದು ತಿಂತಿದ್ದೆ. ನಮ್ಮನೆವ್ಳು ಲೆಕ್ಕ ಇಟ್ಟವ್ಳೆ, ಅವ್ಳನ್ನೇ ಕೇಳು."

ಅಜ್ಜನ ಪಕ್ಕದಲ್ಲಿ ಲಂಗ ಹಾಕಿದ್ದ ಒಬ್ಬ ಹುಡುಗಿ, ಅವಳ ತಾಯಿ. ಅಕ್ಕ ಆ ತಾಯಿಯ ಹತ್ತಿರ ಸರಿದಳು. ಸಣ್ಣ ದನಿಯಲ್ಲಿ ಕೇಳಿದಳು. ಆ ತಾಯಿ, "ನಮ್ ಮಗೀಗೆ ಸಿಹಿ ಅಂದ್ರೆ ಆಗಾಕೇ ಇಲ್ಲ ಕಣಕ್ಕ, ಪಾಯ್ಸ ಕಂಡ್ರೆ ಎದ್ದೋಗದು. ಆದ್ರೂ ಬಂತು," ಅಂದಳು. ಅಕ್ಕ ಆ ಹುಡುಗಿಯನ್ನು ಬಹಳ ಹೊತ್ತು ನೋಡುತ್ತಿದ್ದಳು. ಆ ತಾಯಿಯ ಮಾತನ್ನೂ ಪೂರ್ತಿ ನಂಬಿದ ಹಾಗೆ ಕಾಣಲಿಲ್ಲ.

ನಮ್ಮ ಸರದಿ ಬಂತು. ಅಕ್ಕ ಕುರ್ಚಿಯಲ್ಲಿ ಕೂರಲಿಲ್ಲ.

"ಅಮ್ಮಾವ್ರೆ, ಇವನ್ಗೆ ಪಾನಕ ಕೊಟ್ಟೋಳು ನಾನು. ಇಡೀ ಅಚ್ಚು ಬೆಲ್ಲ ಆಕಿದ್ದೆ. ಅದ್ರಿಂದ್ಲೇ ಬಂತಾ? ನಂಗೆ ಸುಳ್ಳು ಬ್ಯಾಡ."

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. "ಇಲ್ಲಮ್ಮ. ಬೆಲ್ಲದಿಂದ ಬಂದಿಲ್ಲ."

"ಸ್ವಲ್ಪಾನೂ?"

"ಆವತ್ತು ಅದರಿಂದ ಸುಸ್ತು ಸ್ವಲ್ಪ ಬೇಗ ಆಗಿರಬಹುದು. ಕಾಯಿಲೆ ಬಂದದ್ದು ಅದರಿಂದಲ್ಲ. ಅದಕ್ಕೆ ಮುಂಚೇನೇ ಇತ್ತು. ಹಾಗೆ ನೋಡಿದ್ರೆ ಬೇಗ ಬಿದ್ದದ್ದರಿಂದಲೇ ಬೇಗ ಆಸ್ಪತ್ರೆಗೂ ಬಂದ." ಆಮೇಲೆ ನನ್ನ ಕಡೆ ತಿರುಗಿದರು. "ಏನಪ್ಪ, ವಾರ್ಡಿನಲ್ಲಿದ್ದಾಗಲೇ ಇದನ್ನೆಲ್ಲಾ ಹೇಳಿದ್ದೆನಲ್ಲ? ಮೊದಲು ಅಕ್ಕನಿಗೆ ಹೇಳು ಅಂತಾನೂ ಹೇಳಿದ್ದೆ. ಹೇಳಲಿಲ್ವಾ?"

ಅಕ್ಕ ನನ್ನನ್ನು ನೋಡಲಿಲ್ಲ. ಡಾಕ್ಟರಮ್ಮನಿಗೆ ಕೈಮುಗಿದು ಹೊರಗೆ ನಡೆದಳು.

ಬಸ್ ಸ್ಟ್ಯಾಂಡಿನವರೆಗೂ ನಾನು ಅವಳ ಹಿಂದೆ ನಡೆದೆ. ಕೆ.ಆರ್.ಪೇಟೆಯ ಬಸ್ಸು ನಿಂತಿತ್ತು. ಮೆಟ್ಟಿಲ ಹತ್ತಿರ ನಿಂತು ಅವಳು ತಿರುಗಿದಳು. ದನಿ ಎತ್ತರಿಸಲಿಲ್ಲ.

"ಒಲ್ದಲ್ಲಿ ಬಿದ್ದು 'ಏನ್ ಆಕುದ್ರಿ' ಅಂದ್ಯಲ್ಲ, ಅದ ನಾ ಅವತ್ತೇ ಬುಟ್ಟಿದ್ದೆ ಕಣ್ಲಾ. ಕಾಯ್ಲೇಲಿ ಅಂದವ್ನೆ ಬುಡು ಅಂತ. ಇದು ನೀ ಕಾಯ್ಲೇಲಿ ಮಾಡಿದ್ದಲ್ಲ. ಸೂಜಿ ಚುಚ್ಕಂಡು, ಉಂಡ್ಕಂಡು, ತಿರುಗ್ಕಂಡು ಮಾಡಿದ್ದು."

ಅವಳು ಹತ್ತಿ ಕೂತಳು. ಬಸ್ಸು ಹೋಯಿತು.

ಆ ಸಂಜೆಯೇ ಮನೆಯಲ್ಲಿ ಎಲ್ಲ ಹೇಳಿದೆ. ಅಪ್ಪ ಎದ್ದು ಕೊಟ್ಟಿಗೆಯ ಕಡೆ ಹೋದ. ಅವ್ವ ಬಹಳ ಹೊತ್ತು ಆ ಉಂಡೆಯ ವಿಷಯವನ್ನೇ ಮತ್ತೆ ಮತ್ತೆ ಕೇಳಿದಳು. ಖರ್ಜೂರಕ್ಕೆ ಬೀಜ ಇರಬೇಕಲ್ಲ, ಬೀಜ ಎಲ್ಲಿ ಹೋಯಿತು ಎಂದಳು. ಬೀಜ ತೆಗೆದ ಖರ್ಜೂರ ಎಂದೆ. ಆಮೇಲೆ ಅವಳು ಅಳಲು ಶುರುಮಾಡಿದಳು. ಮಾರನೇ ದಿನ ಒಬ್ಬಳೇ ಬಸ್ಸು ಹತ್ತಿ ಮಗಳ ಮನೆಗೆ ಹೋದಳು. ಇನ್ಸುಲಿನ್ ಗಡಿಗೆಯ ಮೇಲೆ ಮತ್ತೆ ಮೊರ ಮುಚ್ಚಲಿಲ್ಲ.

ನಾನು ಈಗಲೂ ದಿನಾ ಚುಚ್ಚಿಕೊಳ್ಳುತ್ತೇನೆ, ಹಾಲು ಹಾಕುತ್ತೇನೆ. ಕಾಯಿಲೆ ಗೊತ್ತಿದ್ದೂ ಒಪ್ಪಿದವಳನ್ನೇ ಮದುವೆಯಾಗಿದ್ದೇನೆ. ಈ ಕಾಯಿಲೆಯ ಜೊತೆ ಬದುಕಬಹುದು. ಮಕ್ಕಳು ಒಣಗುತ್ತಿದ್ದರೆ, ನೀರು ನೀರು ಅನ್ನುತ್ತಿದ್ದರೆ ಯಾರ ಕೈಯನ್ನೂ ನೋಡಬೇಡಿ, ಆಸ್ಪತ್ರೆಗೆ ಹೋಗಿ. ಅಲ್ಲಿ ಹೇಳಿದ್ದನ್ನು ಯಾರಿಗೆ ಹೇಳಬೇಕೋ ಅವರಿಗೆ ಅದೇ ದಿನ ಹೇಳಿ.

ಗೌರಿ ಹಬ್ಬಕ್ಕೆ ಪ್ರತಿ ವರ್ಷ ಬಾಗಿನ ಒಯ್ಯುತ್ತೇನೆ. ಅಕ್ಕ ಸೆರಗೊಡ್ಡಿ ತೆಗೆದುಕೊಳ್ಳುತ್ತಾಳೆ, ಊಟ ಬಡಿಸುತ್ತಾಳೆ, ನನ್ನ ಕಾಲಿನ ಗಾಯಗಳನ್ನು ನೋಡುತ್ತಾಳೆ. ನಗುತ್ತಾಳೆ ಕೂಡ. ಆದರೆ ನನ್ನ ಬಾಯಿಂದ ಬಂದ ಯಾವ ಸುದ್ದಿಯನ್ನೂ ಇನ್ನೊಬ್ಬರನ್ನು ಕೇಳದೆ ನಂಬುವುದಿಲ್ಲ. ಅವ್ವನಿಗೆ ಈಗ ವಯಸ್ಸಾಗಿದೆ. ಅಕ್ಕ ಫೋನು ಮಾಡಿ, "ಅವ್ವ ಎಂಗವ್ಳೆ?" ಎಂದು ಕೇಳುತ್ತಾಳೆ. ಚೆನ್ನಾಗಿದ್ದಾಳೆ ಕಣಕ್ಕ, ಈಗ ತಾನೆ ಉಂಡಳು ಎನ್ನುತ್ತೇನೆ.

"ಫೋನ ಅವ್ವನ ಕೈಗೆ ಕೊಡು," ಅನ್ನುತ್ತಾಳೆ.

ಕೊಡುತ್ತೇನೆ.